ಗಂಜಿ ಕುಡಿದ ಕೋಟು

ಹುಣಸೆ ಬೀಜದ ಗಂಜಿ ಕುದಿಯುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಹುರಿದ ಕಡಲೆಯ ವಾಸನೆಗೆ ಹತ್ತಿರ ಬರುತ್ತದೆ, ಆದರೆ ಅಷ್ಟು ಸಭ್ಯವಲ್ಲ. ಅದನ್ನು ಉಣ್ಣೆಗೆ ಬಳಿದ ಮೇಲಂತೂ ಮಳೆಯಲ್ಲಿ ನೆಂದ ಕುರಿಯೊಂದು ಮನೆಯೊಳಗೆ ಬಂದು ನಿಂತಂತಾಗುತ್ತದೆ. ಇವತ್ತು ಬೆಳಿಗ್ಗೆ ಭಾಲ್ಕಿಯ ನಮ್ಮ ಮನೆಯಲ್ಲಿ ಅದೇ ವಾಸನೆ. ಒಲೆಯ ಮೇಲೆ ಗಂಜಿ ಕೊತಕೊತ ಅನ್ನುತ್ತಿತ್ತು. ಪಕ್ಕದ ಮನೆಯ ಶಾಂತಮ್ಮ ಗೋಡೆಯಾಚೆಯಿಂದ ಇಣುಕಿ, "ಏನ್ರಿ ಅಕ್ಕೋರ, ಮುದುಕ ಹೋದ ಮ್ಯಾಲೂ ಗಂಜಿ ಕುದಸ್ತೀರಲ್ಲ, ಯಾರ ಸಲುವಾಗಿರಿ?" ಅಂದಳು. ಮಿರಗದ, ಅಂದರೆ ಮೃಗಶಿರಾ ಮಳೆ ಹತ್ತಿರ ಬಂದಿದೆ. ಕೈ ತಾನಾಗಿಯೇ ಬೀಜ ಹುರಿದು ಕುಟ್ಟಿ ಒಲೆಗಿಟ್ಟಿತ್ತು, ಅಷ್ಟೆ.

ಗಂಜಿ ಅಪ್ಪನ ಕೋಟಿಗೆ. ನಾವು ಔರಾದ ತಾಲೂಕಿನ ಚಿಂತಾಕಿಯ ಕುರುಬರು. ಕಂಬಳಿ ನೇಯ್ದ ಮೇಲೆ ಅದಕ್ಕೆ ಹುಣಸೆ ಬೀಜದ ಗಂಜಿ ಕುಡಿಸುವುದು ನಮ್ಮ ಪದ್ಧತಿ. ಗಂಜಿ ಕುಡಿದ ಕಂಬಳಿ ತಗಡಿನಂತೆ ಬಿಗಿಯಾಗುತ್ತದೆ. ಮಳೆಹನಿ ಅದರ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ. ಅಪ್ಪ ಕಂಬಳಿಗೆ ಮಾಡುವುದನ್ನೇ ತನ್ನ ಫೌಜಿನ ಕೋಟಿಗೂ ಮಾಡುತ್ತಿದ್ದ, ವರ್ಷ ವರ್ಷವೂ, ಮಿರಗಕ್ಕೆ ಮೊದಲು. ಮೊಣಕಾಲಿನವರೆಗೆ ಬರುವ ಖಾಕಿ ಉಣ್ಣೆಯ ಕೋಟು. ಈಗ ಅದರ ಬಣ್ಣ ಖಾಕಿಯೆಂದು ಆಣೆ ಮಾಡಿ ಹೇಳುವಂತಿಲ್ಲ. ಬಿಚ್ಚಿ ನೆಲಕ್ಕಿಟ್ಟರೆ ಬೀಳುವುದಿಲ್ಲ. ಒಳಗೆ ಯಾರೋ ಇದ್ದಾರೆಂಬಂತೆ ಮೂಲೆಯಲ್ಲಿ ತಾನೇ ನಿಂತಿರುತ್ತದೆ. ಅಪ್ಪ ಹೋದ ಮೇಲೆ ಒಂದು ಸಂಜೆ ದೀಪ ಹಚ್ಚಲು ಒಳಗೆ ಹೋದವಳು ಅದನ್ನು ನೋಡಿ, "ಚಾ ಮಾಡ್ಲೇನಪ್ಪ?" ಎಂದು ಕೇಳಿಬಿಟ್ಟೆ. ಕೇಳಿದ್ದಷ್ಟೇ ಅಲ್ಲ, ಚಹಾ ಮಾಡಿದ್ದೂ ಆಯಿತು. ಕೊನೆಗೆ ಎರಡು ಕಪ್ಪನ್ನೂ ನಾನೇ ಕುಡಿದೆ.

ಆ ಕೋಟನ್ನು ಒಯ್ಯಲು ಇವತ್ತು ನಮ್ಮಣ್ಣ ಬೀರಪ್ಪ ಬೀದರದಿಂದ ಬರುವವನಿದ್ದ, ಮಗ ರೇವಣ್ಣನನ್ನು ಕರೆದುಕೊಂಡು. ನಾಳೆ ಬೀದರದಲ್ಲಿ ಮಿಲಿಟರಿ ಭರ್ತಿ. ಅಣ್ಣ ತಾನೂ ಫೌಜಿನಲ್ಲಿದ್ದು ಪಿಂಚಣಿ ಮೇಲೆ ಬಂದವನು; ತೋಪಿನ ಸದ್ದಿಗೆ ಅವನ ಎಡಗಿವಿ ಮಂದವಾಗಿದೆ. ಮಗ ಫೌಜಿಗೆ ಸೇರಲೇಬೇಕು, ಅಜ್ಜನ ಕೋಟು ಹಾಕಿಸಿಯೇ ಅವನನ್ನು ಮೈದಾನಕ್ಕೆ ಕಳಿಸಬೇಕು ಎಂದು ಅವನ ಹಟ. ರೇವಣ್ಣನಿಗೆ ಕುರಿ ದನಗಳ ವೈದ್ಯಕೀಯ ಕಲಿಯುವ ಆಸೆ. ಅದನ್ನು ಅವನು ಅಜ್ಜನಿಗೆ ಹೇಳಿದ್ದ, ನನಗೆ ಹೇಳಿದ್ದ, ತನ್ನ ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. "ಅಪ್ಪಗ ಹೇಳಾಕ ಧೈರ್ಯ ಬೇಕಲ್ಲತ್ತಿ" ಎನ್ನುತ್ತಿದ್ದ. ಅಷ್ಟು ಧೈರ್ಯವಿದ್ದರೆ ಫೌಜಿಗೇ ಹೋಗಬಹುದಿತ್ತಲ್ಲ ಎಂದು ನನಗೆ ಒಳಗೊಳಗೆ ನಗು. ಮೊಮ್ಮಗನ ಹೆಸರು ಎತ್ತದೆಯೇ ಅಪ್ಪ ಅವನ ಪರವಾಗಿ ಅಣ್ಣನ ಜೊತೆ ವಾದಕ್ಕೆ ನಿಂತಿದ್ದ. ಜಬರದಸ್ತಿ ಸರಿಯೋ ತಪ್ಪೋ ಎಂಬ ಆ ವಾದ ಹಲವು ಭಾನುವಾರ ನಡೆಯಿತು. ಮುಗಿಯುವ ಮೊದಲೇ ಅಪ್ಪ ಹೊರಟುಹೋದ.

ಅಪ್ಪನ ವಾದವನ್ನು ನೀವು ಒಮ್ಮೆ ಕೇಳಬೇಕಿತ್ತು. ಕೊನೆಯ ವರ್ಷಗಳಲ್ಲಿ ಅವನು ನನ್ನ ಜೊತೆಗೇ ಇದ್ದ. ಚಿಂತಾಕಿಯಲ್ಲಿ ರೈಲಿಲ್ಲ, ಔರಾದಿನಲ್ಲೂ ಇಲ್ಲ. ರೈಲು ನೋಡುತ್ತ ಕೂರುವ ಸುಖಕ್ಕೆ ಭಾಲ್ಕಿಯೇ ಬೇಕು ಎನ್ನುತ್ತಿದ್ದ. ರೈಲು ನೆವ. ನಿಜವಾಗಿ ಅವನಿಗೆ ಬೇಕಾಗಿದ್ದುದು ಸ್ಟೇಷನ್ ಎದುರಿನ ಬಸಣ್ಣನ ಹೋಟೆಲು. ಅಲ್ಲಿ ಅವನ ದನಿ ಏರಿದರೆ ಹತ್ತಿರದಲ್ಲೇ ಇರುವ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಚಹಾದ ಲೋಟವನ್ನು ಮೇಜಿಗೆ ಕುಕ್ಕಿದ ಸದ್ದಿನಿಂದಲೇ ಇವತ್ತಿನ ವಿಷಯ ಪಾಕಿಸ್ತಾನದ್ದೋ ಪುರಸಭೆಯದ್ದೋ ಎಂದು ನಾನು ಅಂದಾಜು ಮಾಡುತ್ತಿದ್ದೆ. ನಾನು ಮೊದಲಿನಿಂದಲೂ ಮಾತಿನವಳಲ್ಲ. "ಈ ಮನ್ಯಾಗಿನ ಮಾತು ಅಷ್ಟೂ ನಾನೇ ಆಡಿ ಮುಗಿಸೀನಿ. ಪಾಪ, ಇಕಿಗೆ ಏನೂ ಉಳಿದಿಲ್ಲ" ಎಂದು ಬಂದವರೆದುರು ಅಪ್ಪ ನನ್ನನ್ನು ತೋರಿಸಿ ನಗುತ್ತಿದ್ದ.

ಒಮ್ಮೆ ತಂಬಾಕಿನ ಡಬ್ಬಿ ಮರೆತು ಹೋಗಿದ್ದನೆಂದು ನಾನೇ ಹೋಟೆಲಿಗೆ ಹೋದೆ. ಪೇಪರು ಓದುತ್ತಿದ್ದ ಕಿರಾಣಿ ಅಂಗಡಿಯವರೊಬ್ಬರು, "ಮನಿಗೊಬ್ಬ ಗಂಡಸು ಫೌಜಿಗೆ ಹೋಗಲೇಬೇಕಂತ ಕಾಯ್ದೆ ಮಾಡ್ಬೇಕ್ರಿ. ಆಗ ನೋಡ್ರಿ ದೇಶ ಹ್ಯಾಂಗ ಸುಧಾರಿಸ್ತದ" ಎನ್ನುತ್ತಿದ್ದರು.

ಅಪ್ಪ ಲೋಟ ಕುಕ್ಕಿದ. "ಛಲೋ ಆಯ್ತು. ಯಾರ ಮನಿಯಿಂದ ಚಾಲೂ ಮಾಡೋಣು? ನಿಮ್ಮ ಮನಿಯಿಂದ?"

"ನಮ್ಮ ಹುಡುಗ ಜರಾ ನಾಜೂಕ ಅದಾನ್ರಿ."

"ಎಲ್ಲಾರ ಹುಡುಗ್ರೂ ಅವರವರ ಮನ್ಯಾಗ ನಾಜೂಕೇ ಇರ್ತಾರೋ ಮಾರಾಯ!"

ಹೋಟೆಲೆಲ್ಲ ನಕ್ಕಿತು. ನಗದೆ ಕೂತಿದ್ದವರು ಒಬ್ಬರೇ, ದರ್ಜಿ ಖಾಸೀಂಸಾಬರು. ಅವರು ಅಪ್ಪನ ಗೆಳೆಯರು, ಅಂದರೆ ದಿನಾ ಜಗಳ ಆಡುವವರು. "ಮಾಳಪ್ಪ, ನೀ ಫೌಜಿನ ಅನ್ನ ತಿಂದಾಂವ. ತಿಂದು ಬಯ್ತೀ" ಎಂದು ಕೆಣಕುತ್ತಿದ್ದರು. "ತಿಂದೀನಿ, ಅದಕ್ಕೇ ರುಚಿ ಹೇಳ್ತೇನಿ" ಎಂದು ಅಪ್ಪ. ಸೆಪ್ಟೆಂಬರು ಬಂತೆಂದರೆ ಹೋಟೆಲಿನಲ್ಲಿ ಇನ್ನೊಂದು ಬೆಂಕಿ. ನಿಜಾಮರ ರಾಜ್ಯ ಮುಗಿದು ನಾವು ಭಾರತಕ್ಕೆ ಸೇರಿದ ದಿನವನ್ನು ವಿಮೋಚನೆ ಎನ್ನಬೇಕೋ, ಹಳಬರಂತೆ ಪೊಲೀಸ್ ಆ್ಯಕ್ಷನ್ ಎನ್ನಬೇಕೋ. ಬೀದರ ಕನ್ನಡದವರದೋ, ಮರಾಠಿಯವರದೋ, ತೆಲುಗರದೋ ಎಂಬ ಹಳೆಯ ಜಗಳವೂ ಅದರ ಹಿಂದೆಯೇ ಏಳುತ್ತಿತ್ತು. "ನನ್ನ ಕುರಿ ಮೂರೂ ಕಡಿ ಮೇದು ಬಂದಾವ. ಅಲ್ಲಿನ ಹುಲ್ಲು ಯಾವ ಭಾಷಾ ಮಾತಾಡ್ತಿತ್ತು ಅಂತ ಒಂದರ ಹೇಳಲಿಲ್ಲ" ಎನ್ನುತ್ತಿದ್ದ ಅಪ್ಪ. ಆದರೆ ಪೊಲೀಸ್ ಆ್ಯಕ್ಷನ್ ಮಾತು ಬಂದರೆ ಅವನು ಲೋಟ ಕುಕ್ಕುತ್ತಿರಲಿಲ್ಲ. ಮೆಲ್ಲಗೆ ಇಡುತ್ತಿದ್ದ. "ಹೆಸರು ಏನರ ಇಡ್ರಪ. ಅವತ್ತು ಔರಾದಿನ ಅಗಸ್ಯಾಗ ನಿಂತಾಂವ ನಾ."

ನಿಂತದ್ದು ಹೇಗೆ ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಈ ಭೂಮಿಗೆ ಬಂದದ್ದೂ ಅದೇ ಕಾರಣಕ್ಕೆ.

ಅಪ್ಪ ಸಿಪಾಯಿಯಾಗಿದ್ದು ನಿಜಾಮರ ಫೌಜಿನಲ್ಲಿ. ಇಷ್ಟಪಟ್ಟು ಹೋದವನಲ್ಲ. ಕಡ್ಡಾಯ ಎಂಬ ಕಾಯ್ದೆಯೇನೂ ಇರಲಿಲ್ಲ. ಸರಕಾರಕ್ಕೆ ಆಳು ಬೇಕು ಎಂದು ತಾಲೂಕಿನಿಂದ ಮಾತು ಬಂತು, ಊರ ಪಟೇಲರು ಮರದ ಕೆಳಗೆ ಪಡ್ಡೆ ಹುಡುಗರನ್ನು ನಿಲ್ಲಿಸಿ ಬೆತ್ತ ತೋರಿಸಿದರು. ಸಂತೆಗೆ ಕಳಿಸುವ ಕುರಿಗೆ ಬೆನ್ನ ಮೇಲೆ ಕೆಮ್ಮಣ್ಣು ಹಚ್ಚುತ್ತಾರಲ್ಲ, ಉಳಿದವುಗಳಿಂದ ಬೇರೆ ಕಾಣಲಿ ಎಂದು, ಅಪ್ಪ ಯಾವಾಗಲೂ ಅದನ್ನೇ ಹೇಳುತ್ತಿದ್ದ. "ಬೆತ್ತ ನನ್ನ ಕಡಿ ತಿರುಗಿದಾಗ ಬೆನ್ನು ತಣ್ಣಗ ಆತು ನೋಡು. ಯಾರೋ ಹಸಿ ಕೆಮ್ಮಣ್ಣು ಸವರಿದ್ಹಾಂಗ." ಒಕ್ಕಲಿಗರ ಮಕ್ಕಳು ಹೋದರೆ ಬಿತ್ತನೆ ನಿಲ್ಲುತ್ತದೆ, ಅಂಗಡಿಯವರ ಮಕ್ಕಳು ಹೋದರೆ ವ್ಯಾಪಾರ ನಿಲ್ಲುತ್ತದೆ. ಕುರುಬನ ಮಗ ಹೋದರೆ ಕುರಿಗಳು ಪಟೇಲರ ಮನೆಗೆ ಬಂದು ತಕರಾರು ಹೇಳುವುದಿಲ್ಲವಲ್ಲ.

ಬೀದರದ ಛಾವಣಿಯಲ್ಲಿ, ಅಂದರೆ ದಂಡಿನ ನೆಲೆಯಲ್ಲಿ, ಅವನಿಗೆ ಕೋಟು ಕೊಟ್ಟರು. ಮೊದಲ ಮಳೆಗೇ ಕೋಟು ನೀರು ಕುಡಿದು ಹೆಣಭಾರವಾಯಿತು. ಅಪ್ಪ ಉಪಾಯ ಮಾಡಿದ. ಅಡುಗೆ ಮಾಡುವವನನ್ನು ಕಾಡಿ ಹುಣಸೆ ಬೀಜ ಕೂಡಿಸಿದ, ಹುರಿದ, ಕುಟ್ಟಿದ, ಊರಲ್ಲಿ ಕಂಬಳಿಗೆ ಮಾಡುವಂತೆ ಗಂಜಿ ಕಾಯಿಸಿ ಸರಕಾರಿ ಕೋಟಿಗೆ ಕುಡಿಸಿ ಬಿಸಿಲಿಗೆ ಇಟ್ಟ. ಮರುದಿನ ಪರೇಡಿನಲ್ಲಿ ಕೈ ಮಡಿಸಲು ಬರಲಿಲ್ಲ. ಸಲಾಮು ಮಾಡು ಎಂದರೆ ತೋಳು ಅರ್ಧಕ್ಕೇ ನಿಂತಿತು. ಸಾಹೇಬರು ಹತ್ತಿರ ಬಂದು ಕೋಟಿನ ಮೇಲೆ ಬೆರಳಿನಿಂದ ಬಡಿದರು. ಬಾಗಿಲು ಬಡಿದಂತೆ ಸದ್ದಾಯಿತು. ಮೂಸಿ ನೋಡಿ ಮುಖ ಸಿಂಡರಿಸಿದರು. ಬಿಚ್ಚು ಎಂದರು. ಬಿಚ್ಚಿಟ್ಟರೆ ಕೋಟು ನೆಲದ ಮೇಲೆ ನೆಟ್ಟಗೆ ನಿಂತಿತು. "ಕೋಟ್ ತೋ ಅಟೆನ್ಷನ್ ಮೇ ಹೈ, ಸಿಪಾಹಿ ನಹೀ" ಎಂದರಂತೆ, ಕೋಟು ನೆಟ್ಟಗೆ ನಿಂತಿದೆ, ಸಿಪಾಯಿ ನಿಂತಿಲ್ಲ ಎಂದು. ಸಾಲಿಗೆ ಸಾಲೇ ನಕ್ಕಿತು. ಅಪ್ಪನಿಗೆ ಶಿಕ್ಷೆಯಾಯಿತು. ಆದರೆ ಆ ಮಳೆಗಾಲ ಛಾವಣಿಯಲ್ಲಿ ಮೈ ನೆನೆಯದೆ ಉಳಿದವನು ಅವನೊಬ್ಬನೇ. ಈ ಕಥೆ ಹೇಳುವಾಗ ಅವನು ಎದ್ದು ನಿಂತು, ಕೈ ಅರ್ಧಕ್ಕೇ ನಿಲ್ಲಿಸಿ ತೋರಿಸುತ್ತಿದ್ದ. ಹಲ್ಲಿಲ್ಲದ ಬಾಯಲ್ಲಿ ನಗು ತಡೆಯಲಾಗದೆ ಕೆಮ್ಮು ಹತ್ತುತ್ತಿತ್ತು.

ಆಮೇಲೆ ಬೀದರದ ಮೇಲೆ ಭಾರತದ ವಿಮಾನಗಳು ಬಂದವು. ಯುದ್ಧ ಎಂದು ಹೆಸರಿಡುವ ಮೊದಲೇ ಎಲ್ಲ ಮುಗಿಯುತ್ತ ಬಂದಿತ್ತು. ಬಂದೂಕು ಕೆಳಗಿಡಿ, ಮನೆಗೆ ಹೋಗುವವರು ಹೋಗಿ ಎಂದರು. ಅಪ್ಪ ಬಂದೂಕು ಇಟ್ಟ, ಕೋಟು ಇಡಲಿಲ್ಲ. ಮಳೆ ಇತ್ತಲ್ಲ! ಔರಾದಿನ ದಾರಿ ಹಿಡಿದು ನಡೆದ. ಎಕಂಬಾ ಹತ್ತಿರ ದೂರದಿಂದ ಒಂದು ಹಿಂಡು ಕಂಡಿತು. ಹಿಂದಿನಿಂದ ತಲೆಯ ಮೇಲೆ ಕಂಬಳಿ ಹೊದ್ದು ಬರುತ್ತಿದ್ದವನು ಅವನ ಅಪ್ಪನೇ, ಅಂದರೆ ನಮ್ಮಜ್ಜ. ಗಲಾಟೆಯಿಂದ ದೂರ ಒಯ್ದಿದ್ದ ಕುರಿಗಳನ್ನು ಈಗ ಊರಿನ ಕಡೆ ಹೊಡೆದುಕೊಂಡು ಹೊರಟಿದ್ದ. ತಂದೆ ಮಗ ಸಿಕ್ಕಾಗ ಏನು ಮಾತಾಡಿದಿರಿ ಎಂದು ನಾನು ಕೇಳಿದ್ದೆ. "ಏನೂ ಇಲ್ಲ. ‘ಮುಂದ ನಡಿ, ಆ ಕರಿ ಟಗರು ದಾರಿ ಬಿಡ್ತದ’ ಅಂದ. ನಡದೆ."

ಈಗ ಔರಾದಿನ ಕಡೆ ಬನ್ನಿ. ಅಲ್ಲಿ ಅಗಸಿಯ, ಅಂದರೆ ಊರಬಾಗಿಲಿನ ಮುಂದೆ ಊರೇ ನೆರೆದಿತ್ತು. ಭಾರತದ ದಂಡು ಬರುತ್ತದೆ, ಇವತ್ತೇ ಬರುತ್ತದೆ! ಹಲಗೆ ಬಾರಿಸುವವರು ಹಲಗೆ ಕಾಯಿಸಿ ನಿಂತಿದ್ದರು. ಹೂವಿನ ಹಾರಗಳು ತೊಯ್ದು ತೊಟ್ಟಿಕ್ಕುತ್ತಿದ್ದವು. ಹೆಣ್ಣುಮಕ್ಕಳು ಸೆರಗಿನ ಮರೆಯಲ್ಲಿ ಆರತಿ ಹಿಡಿದಿದ್ದರು. ಎಲ್ಲರಿಗಿಂತ ಮುಂದೆ ಕಂಬಳಿ ನೇಯುವವರ ಮನೆಯ ಹುಡುಗಿ ನಾಗಮ್ಮ. ಇಷ್ಟು ದಿನ ನಿಜಾಮರ ಕಡೆಯವರ ಭಯಕ್ಕೆ ಬಾಗಿಲು ಹಾಕಿ ಬದುಕಿದ ಊರು ಅವತ್ತು ಹೊರಗೆ ಬಂದು ಮಳೆಯಲ್ಲಿ ನಿಂತಿತ್ತು. ಸಂತೋಷಕ್ಕೆ ಕೆಲವರು ಅಳುತ್ತಲೂ ಇದ್ದರಂತೆ.

ಆಗ ಜಿಟಿಜಿಟಿ ಮಳೆಯಲ್ಲಿ ದಾರಿಯ ತಿರುವಿನಲ್ಲಿ ಕಂಡಿತು. ಮುಂದೆ ಖಾಕಿ ಕೋಟಿನ ಮನುಷ್ಯ, ಗರುಡಗಂಬದಂತೆ ನೆಟ್ಟಗೆ, ಕೈ ಮಡಿಸದೆ, ಎಡಬಲ ನೋಡದೆ ಬರುತ್ತಿದ್ದಾನೆ. ಅವನ ಹಿಂದೆ ದಾರಿ ತುಂಬ ಬೂದುಬಣ್ಣದ ದಂಡು. ಯಾರೋ "ಬಂದ್ರೋ!" ಎಂದು ಕೂಗಿದ್ದೇ ತಡ, ಹಲಗೆಗೆ ಪೆಟ್ಟು ಬಿತ್ತು. ಜೈ ಎಂದರು. ಕುಂಕುಮ ಎರಚಿದರು. ಯಾರೋ ಓಡಿಹೋಗಿ ಅಪ್ಪನ ಕೊರಳಿಗೆ ಹಾರ ಹಾಕಿದರು, ಯಾರೋ ಕಾಲು ಮುಟ್ಟಿದರು. ಹಿಂದಿನ ದಂಡು ಹಲಗೆಯ ಸದ್ದಿಗೆ ಬೆದರಿ ಬ್ಯಾ ಎನ್ನುತ್ತ ಜನರ ಕಾಲ ನಡುವೆ ನುಗ್ಗಿದಾಗ ಊರಿಗೆ ಏನೋ ಅನುಮಾನ ಬಂತು. "ನಾ ಅಲ್ರಿ, ನಾ ಅಲ್ರಿ ಅಂತ ಒದರೇ ಒದರೀನಿ, ಹಲಗಿ ಸಪ್ಪಳದಾಗ ಯಾರು ಕೇಳ್ತಾರ?" ಎನ್ನುತ್ತಿದ್ದ ಅಪ್ಪ.

ನಾಗಮ್ಮ ಆರತಿ ಎತ್ತುತ್ತಿದ್ದಳು. ಅಷ್ಟರಲ್ಲಿ ಹಾರ ಹಾಕಿದವನ ಕಣ್ಣು ಕೋಟಿನ ಗುಂಡಿಗಳ ಮೇಲೆ ಬಿತ್ತು. ಗುಂಡಿಯ ಮೇಲೆ ನಿಜಾಮರ ಮುದ್ರೆ. "ಏ, ಇವ ಅವರ ಸಿಪಾಯಿ!" ಹಲಗೆ ನಿಂತಿತು. ಈಗಷ್ಟೇ ಹಾಕಿದ ಹಾರವನ್ನು ಹರಿದರು. ಮೊದಲ ಕಲ್ಲು ಭುಜಕ್ಕೆ ಬಿತ್ತು. ಗಂಜಿ ಕುಡಿದ ಕೋಟಿನ ಮೇಲೆ ಟಣ್ ಎಂದಿತು. ಎರಡನೆಯದು ಹುಬ್ಬಿಗೆ ಬಿತ್ತು. ಆ ಕಲೆಯನ್ನು ನಾನು ಸಣ್ಣವಳಿದ್ದಾಗ ಬೆರಳಿನಿಂದ ಸವರುತ್ತಿದ್ದೆ.

ಆರತಿ ಹಿಡಿದವಳು ಮಾತ್ರ ಸರಿಯಲಿಲ್ಲ. ಅವಳಿಗೆ ಗುಂಡಿ ಕಂಡಿರಲಿಲ್ಲ, ವಾಸನೆ ಬಂದಿತ್ತು. ಹುಟ್ಟಿದಂದಿನಿಂದ ಮನೆಯ ಅಂಗಳದಲ್ಲಿ ಕುಡಿದ ವಾಸನೆ. ಸಿಪಾಯಿಯ ಕೋಟಿಗೆ ಹುಣಸೆ ಬೀಜದ ಗಂಜಿ! ತಲೆಯೆತ್ತಿ ಮುಖ ನೋಡಿದಳು. ಆಮೇಲೆ ತಿರುಗಿ, ಉರಿಯುವ ಆರತಿಯನ್ನು ಎದೆಗೆ ಸಮನಾಗಿ ಹಿಡಿದು, ಜನರಿಗೂ ಅವನಿಗೂ ನಡುವೆ ನಿಂತಳು. "ಹೊಡೀರಿ ನೋಡೋಣು. ಇದು ಕಂಬಳಿ ನೇಯವ್ರ ಗಂಜಿ. ಇಂವ ನಮ್ಮ ಪೈಕಿ ಕುರುಬ." ಬೆದರಿದ ಕುರಿಗಳು ಗೊತ್ತಿರುವ ಮೈವಾಸನೆಗೆ ಬಂದು ಇಬ್ಬರನ್ನೂ ಸುತ್ತಿಕೊಂಡವು. ಕಲ್ಲು ಹಿಡಿದವರು ಹತ್ತಿರ ಬರಲು ದಾರಿಯೇ ಉಳಿಯಲಿಲ್ಲ. ಆ ಗದ್ದಲದಲ್ಲಿ ಅವಳು ಹಿಂದೆ ನೋಡದೆಯೇ ಕೇಳಿದಳಂತೆ: "ಏ, ಆ ದಂಡಿಗೆ ಹೋಗ್ತೀಯೇನು ಅಂತ ನಿನ್ನ ಯಾರರ ಕೇಳಿದ್ರೇನು?"

"ಯಾರೂ ಕೇಳಲಿಲ್ಲ."

"ಕೇಳಿದ್ರ ಹೋಗ್ತಿದ್ದೇನು?"

"ಇಲ್ಲ."

"ಕೇಳ್ರಪೋ!" ಎಂದು ಅವಳು ಊರಿಗೆ ಕೂಗಿ ಹೇಳಿದಳು. ಅಷ್ಟರಲ್ಲಿ ಅಜ್ಜ ಹಿಂದಿನಿಂದ ಏದುಸಿರು ಬಿಡುತ್ತ ಬಂದ, ನಾಗಮ್ಮನ ಮನೆಯವರಿಗೆ ಅವನ ಗುರುತಿತ್ತು, ಕೈಗಳು ಒಂದೊಂದಾಗಿ ಕೆಳಗಿಳಿದವು. ಮುಂದಿನ ವರ್ಷ ನಾಗಮ್ಮ ನಮ್ಮವ್ವನಾಗಲು ಚಿಂತಾಕಿಗೆ ಬಂದಳು. ಜೀವನಪೂರ್ತಿ ಅಪ್ಪ ಏನಾದರೂ ಜೋರು ಮಾಡಿದರೆ, "ನೋಡ್ರಿ, ಕುರಿ ದಂಡಿನ ಜನರಲ್ಲು" ಎಂದು ಅವಳು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಹೋಟೆಲಿನಲ್ಲಿ ಈ ಕಥೆ ಕೇಳಿ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಒಮ್ಮೆ ನಗು ಮುಗಿದ ಮೇಲೆ ಅಪ್ಪ ಖಾಸೀಂಸಾಬರ ಕಡೆ ನೋಡಿದ. ಅವರ ಅಣ್ಣನೂ ಅದೇ ಫೌಜಿನಲ್ಲಿದ್ದ, ಅದೇ ವಾರ ಮನೆಯ ದಾರಿ ಹಿಡಿದವನು ಮನೆ ಮುಟ್ಟಲಿಲ್ಲ. "ಅವನ್ನೂ ಯಾರೂ ಕೇಳಿರಲಿಲ್ಲ" ಎಂದ ಅಪ್ಪ. "ನನ್ನ ಕೋಟಿಗೆ ಹುಣಸಿ ವಾಸನಿ ಇತ್ತು, ಅವನ ಕೋಟಿಗೆ ಇರಲಿಲ್ಲ. ಅಷ್ಟೇ ಫರಕ." ಖಾಸೀಂಸಾಬರು ಅಪ್ಪನ ಲೋಟವನ್ನು ಅವನತ್ತ ಸರಿಸಿ, "ಚಾ ಆರಲಿಕ್ಕತ್ತದ, ಕುಡಿ" ಎಂದರು. ಕೋಟಿನ ಈಗಿನ ಗುಂಡಿಗಳು ಟಗರಿನ ಕೊಂಬಿನವು. ಹಳೆಯವನ್ನು ಅವ್ವ ಕಿತ್ತಿದ್ದಳು, ಇವನ್ನು ಹೊಲಿದವರು ಖಾಸೀಂಸಾಬರು. ಗುಂಡಿ ಸಡಿಲಾದಾಗಲೆಲ್ಲ ಅಪ್ಪ ಅವರಲ್ಲಿಗೇ ಒಯ್ಯುತ್ತಿದ್ದ. ಸಡಿಲಾಗದಿದ್ದರೂ ಒಯ್ಯುತ್ತಿದ್ದ.

ಅಣ್ಣ ಫೌಜಿಗೆ ಸೇರುತ್ತೇನೆಂದದ್ದು ಬಾಂಗ್ಲಾ ಯುದ್ಧದ ಕಾಲಕ್ಕೆ. ನಾನಾಗ ಹುಡುಗಿ. ಇಷ್ಟೆಲ್ಲ ಮಾತಿನ ಅಪ್ಪ ಈಗ ಮನೆಯ ಸೂರು ಹಾರಿಸುತ್ತಾನೆ ಎಂದು ನಾನೂ ಅವ್ವನೂ ಅಡುಗೆಮನೆಯಲ್ಲಿ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆವು. ಅಪ್ಪ ಕೇಳಿದ್ದು ಇಷ್ಟೇ: "ನಿನಗ ಯಾರರ ಹೇಳಿಕೊಟ್ಟಾರೇನು, ಇಲ್ಲಾ ನಿನ್ನ ಮನಸೇನು?" "ನನ್ನ ಮನಸಪ್ಪ." "ಖರೇನು?" "ಖರೇ." "ಹಂಗಾರ ಹೋಗು." ಜಗುಲಿಯ ಮೇಲೆ ಕೂತು ಅಪ್ಪ ಅಳುತ್ತಿದ್ದುದನ್ನು ನಾನು ನೋಡಿದೆ. ಅಣ್ಣ ನೋಡಲಿಲ್ಲ, ಅವನು ಟ್ರಂಕಿಗೆ ಬಣ್ಣ ಹಚ್ಚುವ ಸಂಭ್ರಮದಲ್ಲಿದ್ದ.

ಇವತ್ತು ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದ. ಹಿಂದೆ ರೇವಣ್ಣ, ಹೊಸದಾಗಿ ಕತ್ತರಿಸಿದ ತಲೆಗೂದಲು. ಕೋಟು ಅಂಗಳದ ಬಿಸಿಲಿನಲ್ಲಿ ಅರ್ಧ ಗಂಜಿ ಕುಡಿದು ನಿಂತಿತ್ತು. ಅಣ್ಣ ಅದನ್ನು ಎತ್ತಿ ಮಗನ ಹೆಗಲಿಗೆ ಇಟ್ಟ. "ತೋಳು ಹಾಕು. ನೋಡು ತಂಗಿ, ಹ್ಯಾಂಗ ಕಾಣ್ತಾನ! ಅಪ್ಪ ಇದ್ದಿದ್ರ..." ರೇವಣ್ಣನ ಬೆನ್ನಿಗೆ ಹಸಿ ಗಂಜಿ ಅಂಟಿತು. ಅವನು ಮೈ ಕುಗ್ಗಿಸಿದ. ಪಟೇಲರ ಬೆತ್ತ ತಿರುಗಿದಾಗ ಅಪ್ಪನ ಬೆನ್ನು ತಣ್ಣಗಾದದ್ದು ನನಗೆ ಆಗಲೇ ನೆನಪಾಗಬೇಕೇ?

"ಅಣ್ಣಾ," ಅಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು. "ಅವನ್ನ ಕೇಳಿಯೇನು?"

"ಏನು ಕೇಳೂದು?"

"ಹೋಗ್ತೀಯೇನು ಅಂತ."

"ಅವಗ ಏನು ತಿಳೀತದ? ಜಬರದಸ್ತಿ ಮಾಡ್ದೇ ಈಗಿನ ಹುಡುಗ್ರು..."

"ನಿನಗ ಅಪ್ಪ ಕೇಳಿದ್ದ!" ಗಂಜಿ ತಿರುವುವ ಕೋಲು ನನ್ನ ಕೈಯಲ್ಲೇ ಇತ್ತು. ಅದನ್ನು ಅಂಗಳಕ್ಕೆ ತಂದಿಟ್ಟಿದ್ದ ಪಾತ್ರೆಗೆ ಕುಕ್ಕಿದೆ; ಎಷ್ಟು ಜೋರಾಗಿ ಎಂದರೆ ಗಂಜಿ ಸಿಡಿಯಿತು. "ಅವ್ವ ಅಪ್ಪಗ ಕೇಳಿದ್ದಳು, ಅಪ್ಪ ನಿನಗ ಕೇಳಿದ್ದ. ನೀ ಇವಗ ಕೇಳು. ಕೇಳಿ ಆಮ್ಯಾಲ ಕೋಟು ಒಯ್ಯಿ. ಇಲ್ಲಾಂದ್ರ ಕೋಟು ಇಲ್ಲೇ ನಿಂತಿರ್ತದ."

ಅಣ್ಣ ನನ್ನನ್ನೇ ನೋಡಿದ. ನಾನು ಇಷ್ಟು ಉದ್ದ ಮಾತಾಡಿದ್ದನ್ನು ಅವನು ಮೊದಲು ಕೇಳಿರಲಿಕ್ಕಿಲ್ಲ. ಆಮೇಲೆ ಮಗನ ಕಡೆ ತಿರುಗಿ, ಆಜ್ಞೆ ಕೊಡುವ ದನಿಯಲ್ಲೇ, "ಹೋಗ್ತೀಯೇನೋ?" ಅಂದ.

ರೇವಣ್ಣನ ತುಟಿ ಅಲುಗಿತು.

"ಏನಂದಿ? ಈ ಕಿವಿ ಕೇಳಂಗಿಲ್ಲಂತ ಗೊತ್ತಿಲ್ಲೇನು? ಜೋರಾಗಿ ಹೇಳು."

"ಒಲ್ಲೆ."

"ಜೋರಾಗಿ!"

"ಒಲ್ಲೆ ಅಂದ್ನಿ! ನಾ ಒಲ್ಲೆ! ನಾ ದನದ ಡಾಕ್ಟರ್ಕಿ ಕಲೀತೇನಿ!"

ಅಂಗಳದ ಕಾಗೆ ಹಾರಿಹೋಯಿತು. ಹುಡುಗನ ಕೊರಳಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ. ಬಸಣ್ಣನ ಹೋಟೆಲಿನಲ್ಲಿ ಯಾರೋ ಎದ್ದು ನಿಂತು ಈ ಕಡೆ ನೋಡಿದರು. ಅಣ್ಣ ಮಂದ ಕಿವಿಯನ್ನು ಉಜ್ಜಿಕೊಂಡ. ಮಗನ ಹೆಗಲಿನಿಂದ ಕೋಟನ್ನು ತೆಗೆದು ಮತ್ತೆ ಬಿಸಿಲಿಗೆ ನಿಲ್ಲಿಸಿದ. ಅದರ ಸುತ್ತ ಒಂದು ಸುತ್ತು ಬಂದು, ಬಾಗಿ ನೋಡಿ, "ಈ ತೋಳಿಗೆ ಗಂಜಿ ಕಮ್ಮಿ ಆಗ್ಯಾದಲ್ಲ, ತಾ ಇಲ್ಲಿ" ಎಂದು ಅಂಗಿಯ ಕೈ ಮೇಲೇರಿಸಿಕೊಂಡ.

ಗದ್ದಲ ಕೇಳಿ ಗೋಡೆಯ ಮೇಲೆ ಶಾಂತಮ್ಮನ ಮುಖ ಮೂಡಿತು.

"ಏನ್ರಿ ಅಕ್ಕೋರ," ಅಂದಳು, "ಮುದುಕ ತಿರುಗಿ ಬಂದನೇನ್ರಿ?"